ಕಾಗದದ ಗೊಂಬೆಗೆ ಚುಚ್ಚಿದ ಸೂಜಿ

ಅಲೆಕ್ಸಾಂಡ್ರಿಯಾದ ನಮ್ಮ ಗಲ್ಲಿಯಲ್ಲಿ ಬಹೀಗಾಳ ಬಾಯಿಗೆ ಹೆದರದವರಿಲ್ಲ. ನಮ್ಮ ಮೇಲಿನ ಮಹಡಿಯಲ್ಲೇ ಅವಳ ಮನೆ. ಗಂಡ ಸತ್ತ ಮೇಲೆ ಹೊಲಿಗೆ ಹಾಕಿಯೇ ಮಗಳು ಹನಾನ್‌ಳನ್ನು ಬೆಳೆಸಿದವಳು. ಈಗ ಹನಾನ್ ಕಾರ್ಖಾನೆಗೆ ಹೋದರೆ ನಾಲ್ಕು ವರ್ಷದ ಮೊಮ್ಮಗಳು ಲಮಾರ್ ಅಜ್ಜಿಯ ಪಾಲಿಗೆ. ಹಸಿದು ಬೆಳೆದ ಬಹೀಗಾಳಿಗೆ ಮಕ್ಕಳ ದುಂಡು ಕೆನ್ನೆಯೇ ಐಶ್ವರ್ಯ. ತುಪ್ಪದ ಅನ್ನ ಉಂಡೆ ಕಟ್ಟಿ ಬಾಯಿಗಿಟ್ಟು, "ನನ್ನ ಗುಂಡು ಬಾತುಕೋಳಿ" ಎಂದು ಮುದ್ದಿಸುತ್ತಿದ್ದಳು.

ಪ್ರವಾದಿ ಹುಟ್ಟಿದ ದಿನದ ಮೌಲಿದ್ ಹಬ್ಬದ ನಾಟಕದಲ್ಲಿ ಲಮಾರ್, ಆ ಹಬ್ಬಕ್ಕೆ ಅಂಗಡಿಗಳಲ್ಲಿ ಮಾರುವ ಸಕ್ಕರೆಗೊಂಬೆಯಾಗಬೇಕೆಂದು ಶಿಶುವಿಹಾರದವರು ಗುಲಾಬಿ ಫ್ರಾಕು ಕಳಿಸಿದ್ದರು. ಹಿಂದಿನ ಜಿಪ್ಪು ಏರಲಿಲ್ಲ. ಚಹಾಕ್ಕೆ ಬಂದ ಹೆಂಗಸರ ಮುಂದೆ ಬಹೀಗಾ ತೊಡೆ ತಟ್ಟಿ ನಕ್ಕಳು: "ಸಕ್ಕರೆಗೊಂಬೆಗೆ ಸೊಂಟ ಇರ್ಬೇಕು ಕಣೇ, ನಿಂಗಿರೋದು ಬರೀ ಹೊಟ್ಟೆ!" ಮನೆಯೆಲ್ಲ ನಗು. ಫ್ರಾಕು ಬೇರೆ ಹುಡುಗಿಗೆ ಹೋಯಿತು. ದೊಡ್ಡವರು ಆ ಮಾತನ್ನು ಅಲ್ಲೇ ಮರೆತರು.

ಲಮಾರ್ ಊಟ ಬಿಟ್ಟಳು, ನೀರನ್ನೂ ದೂರ ತಳ್ಳತೊಡಗಿದಳು. ಅನ್ನದುಂಡೆಗಳು ಸೋಫಾದ ಹಿಂದೆ ಸಿಕ್ಕವು. ಅದರ ಮೇಲೆ ಓಟ ಬೇರೆ. ಕೆಳಗಿನ ಬಾಗಿಲಿನಿಂದ ತಾರಸಿಯವರೆಗೆ ಮೆಟ್ಟಿಲು ಹತ್ತಿ ಇಳಿದು, ಏದುಸಿರು ಬಿಡುತ್ತಾ ಮತ್ತೆ ಹತ್ತುವಳು. ಹಿಡಿದರೆ ಕೈ ಕೊಸರಿಕೊಂಡು, "ಬಿಡಿ ಆಂಟಿ, ಇನ್ನೂ ಓಡ್ಬೇಕು" ಎನ್ನುವಳು. ತುಟಿ ಒಣಗಿ ಬಿರಿದಿತ್ತು. ಬಹೀಗಾಳನ್ನು ಹೊರಡಿಸಿಕೊಂಡು ಮಗುವನ್ನು ಡಾಕ್ಟರ ಹತ್ತಿರ ಒಯ್ದೆ.

ಡಾಕ್ಟರು ಜ್ವರವಿಲ್ಲ, ಏನೂ ಇಲ್ಲ ಎಂದು, "ಮನೇಲಿ ಏನಾದ್ರೂ ಆಯ್ತಾ?" ಎಂದು ಕೇಳಿದರು.

"ಮನೇಲೇನಾಗುತ್ತೆ? ದೃಷ್ಟಿ ತಾಕಿದೆ!" ಎಂದು ಬಹೀಗಾ ಎದ್ದೇಬಿಟ್ಟಳು.

ಯಾರ ದೃಷ್ಟಿ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಎದುರುಮನೆಯ ಇನ್ಸಾಫ್ ಮಗುವಿನ ಕೆನ್ನೆ ಹಿಂಡಿ, "ಎಷ್ಟು ಗುಂಡುಗುಂಡಗಿದೀಯೇ" ಎಂದವಳು, ದೃಷ್ಟಿಯಾಗದಿರಲೆಂದು ಹೇಳಬೇಕಾದ 'ಮಾಶಾ ಅಲ್ಲಾ' ಎನ್ನುವುದನ್ನು ನುಂಗಿದ್ದಳು. ಮನೆಗೆ ಬಂದವಳೇ ಬಹೀಗಾ ಕಿಟಕಿಯಿಂದ ಕೂಗಿದಳು: "ಏ ಇನ್ಸಾಫ್, ನಿನ್ ಕಣ್ಣಿಗೆ ಮೆಣಸಿನಪುಡಿ ಬೀಳ!"

"ನಿನ್ ತುಪ್ಪ ನುಂಗಿ ನುಂಗಿ ಮಗೂಗೆ ವಾಕರಿಕೆ ಬಂದಿದೆ! ನನ್ ಕಣ್ಣೇನು ಮಾಡ್ತು?" ಎಂದು ಇನ್ಸಾಫ್ ತಿರುಗಿಸಿ ಕೊಟ್ಟಳು.

ಆ ಮಧ್ಯಾಹ್ನವೇ ಮಗು ಮೆಟ್ಟಿಲಲ್ಲಿ ಕುಸಿಯಿತು. ಎತ್ತಿಕೊಂಡು ಅಜ್ಜಿಯ ಮನೆಗೆ ಹೋದೆ, ಅಂಗೈ ತಣ್ಣಗಿತ್ತು. ಆಸ್ಪತ್ರೆಗೆ ಕರೆದೊಯ್ಯಲು ಹನಾನ್ ಸುದ್ದಿ ಕೇಳಿ ಕಾರ್ಖಾನೆಯಿಂದ ಹೊರಟಿದ್ದಳು. ಬಹೀಗಾ ಮಾತ್ರ ಕೆಂಡಕ್ಕೆ ಲೋಬಾನ ಸುರಿದು, ದೃಷ್ಟಿ ತೆಗೆಯಲು ಕಾಗದದಲ್ಲಿ ಮಗುವಿನ ಗೊಂಬೆ ಕತ್ತರಿಸಿ, ಕಣ್ಣು ಹಾಕಿದವರ ಒಂದೊಂದು ಹೆಸರಿಗೆ ಒಂದೊಂದು ಸಲ ಚುಚ್ಚಲು ಸೂಜಿ ಹಿಡಿದು ಕೂತಿದ್ದಳು.

"ಇನ್ಸಾಫ್ ಕಣ್ಣಿಂದ." ಚುಚ್ಚಿದಳು. "ಮೀನಿನವನ ಕಣ್ಣಿಂದ." ಮತ್ತೆ ಚುಚ್ಚಿದಳು.

ನನಗೆ ರೇಗಿಹೋಯಿತು. "ಬಹೀಗಕ್ಕಾ, ಮೊದ್ಲು ನೀರು ಕುಡ್ಸು! ಮಗು ಕೈಬಿಟ್ಟು ಹೋಗುತ್ತೆ!"

"ಕುಡೀತಾಳೇನೆ? ಹಲ್ಲು ಕಚ್ಚಿಕೊಂಡಿದಾಳೆ!" ಅವಳು ಸೂಜಿ ಬಿಡಲಿಲ್ಲ. "ದೃಷ್ಟಿ ಇಳೀಲಿ, ಕುಡೀತಾಳೆ."

ನನ್ನ ತೊಡೆಯ ಮೇಲಿದ್ದ ಲಮಾರ್ ಕಣ್ಣು ತೆರೆದು ಗೊಂಬೆಯನ್ನೇ ನೋಡಿದಳು.

"ಅಜ್ಜಿ, ಅದು ನಾನಾ?"

"ಹೂಂ ಕಂದ."

"ಹೊಟ್ಟೆ ಕತ್ರಿಸು. ಇಲ್ಲಾಂದ್ರೆ ಫ್ರಾಕು ಆಗಲ್ಲ. ಎಲ್ರೂ ನಗ್ತಾರೆ."

ಬಹೀಗಾಳ ಕೈ ಗಾಳಿಯಲ್ಲೇ ನಿಂತಿತು. ಲೋಬಾನದ ಹೊಗೆಯಲ್ಲಿ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಗೊಂಬೆಯನ್ನು ಹತ್ತಿರ ಹಿಡಿದು, ತುಂಬ ಮೆಲ್ಲಗೆ, "ಅಜ್ಜಿ ಬಹೀಗಾಳ ಬಾಯಿಂದ" ಎಂದು ಚುಚ್ಚಿದಳು. ಆಮೇಲೆ ಅದನ್ನು ಕೆಂಡಕ್ಕೆ ಹಾಕಿದಳು.

ನೀರಿನ ಲೋಟ ತಂದು ಮಗುವಿನ ತುಟಿಗೆ ಹಿಡಿದಳು.

"ಕುಡಿದ್ರೆ ಮತ್ತೆ ಬಾತುಕೋಳಿ ಆಗ್ತೀನಾ?" ಎಂದಳು ಲಮಾರ್.

ಗಲ್ಲಿಯನ್ನೆಲ್ಲ ನಡುಗಿಸಿದ ಬಾಯಿಂದ ಬಹೀಗಾ ಬಗ್ಗಿ ಮಗುವಿನ ಹೊಟ್ಟೆಗೆ ಮುತ್ತಿಟ್ಟಳು. ಅವಳ ಕಣ್ಣೀರು ಇಳಿಯಿತು. ಮಗು ಅಜ್ಜಿಯ ಮುಖವನ್ನು ನೋಡುತ್ತಲೇ ಇತ್ತು. ಕೆಳಗೆ ಹನಾನ್ ಓಡಿ ಬರುವ ಸದ್ದು ಕೇಳುವ ಹೊತ್ತಿಗೆ ಅದು ಬಾಯಿ ತೆರೆದು ಒಂದು ಗುಟುಕು ಕುಡಿಯಿತು.