ಸುದ್ದಿ ತಡವಾಗಿ ಸೇರುವ ಊರು

ಗೌಸ್ ಭಾಯಿ ಸೂಜಿ ಚುಚ್ಚುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಬೇರೆ ಲ್ಯಾಬುಗಳಲ್ಲಿ ರಕ್ತ ತೆಗೆಯುವವರು ಯಾವ ಊರು, ಈ ಸಲ ಟೊಮ್ಯಾಟೊ ರೇಟು ಹೇಗೆ ಎಂದೆಲ್ಲ ಕೇಳಿ ನಮ್ಮ ಗಮನವನ್ನು ಬೇರೆ ಕಡೆ ಎಳೆಯುತ್ತಾರೆ. ಇವರು ತುಟಿ ಬಿಗಿದುಕೊಂಡೇ ಕೆಲಸ ಮುಗಿಸಿ, ತೋಳಿಗೆ ಕಟ್ಟಿದ ರಬ್ಬರು ಬಿಚ್ಚಿ, ಹತ್ತಿ ಒತ್ತಿ ಹಿಡಿಯಲು ಹೇಳಿ, ಆಮೇಲೆ ಬಾಯಿ ತೆರೆಯುತ್ತಿದ್ದರು.

"ಸೂಜಿದೇನು ಸಾಬ್, ಇರುವೆ ಕಚ್ಚಿದಂಗೆ. ಅಸಲಿ ನೋವು ಈಗ ಶುರು. ರಿಪೋರ್ಟ್ ಬರೋ ತನಕ ಆ ಬೆಂಚಿನ ಮೇಲೆ ಕೂತ್ಕೋಬೇಕಲ್ಲ, ಅದು."

ಹಾಗೆಂದು ಮೇಜಿನ ಖಾನೆಯಿಂದ ನಾಲ್ಕಾರು ಹಾಳೆ ತೆಗೆದು ಕೈಗೆ ಕೊಡುತ್ತಿದ್ದರು. ಅವರೇ ಬರೆದ ಕಥೆ. ವಿಜ್ಞಾನದ ಕಥೆ.

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಗೂ ಬೀಜ ಗೊಬ್ಬರದ ಅಂಗಡಿಗೂ ನಡುವೆ ಇತ್ತು ಅವರ ಲ್ಯಾಬು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಜನ ಯಾವ ಯಾವ ರೀತಿಯಲ್ಲಿ ಸಾಯಬಹುದು ಎಂಬುದನ್ನು ದಿನವಿಡೀ ಓದುವುದೇ ನನ್ನ ಉದ್ಯೋಗ. ಸಂಜೆ ಮನೆಗೆ ಹೋದ ಮೇಲೆ ಅವುಗಳಲ್ಲಿ ಒಂದೊಂದನ್ನೂ ನನಗೆ ಹೊಂದಿಸಿ ನೋಡುವುದು ನನ್ನ ಹವ್ಯಾಸ. ನಲವತ್ತು ದಾಟಿದ ಮೇಲೆ ಈ ಹವ್ಯಾಸಕ್ಕೆ ಖರ್ಚೂ ಹತ್ತಿಕೊಂಡಿತು. ಎಡಗೈ ಜುಮ್ಮೆಂದರೆ ಲ್ಯಾಬಿಗೆ, ಬಾಯಾರಿದರೆ ಲ್ಯಾಬಿಗೆ. ಗೌಸ್ ಭಾಯಿ ನನ್ನನ್ನು ಕಂಡೊಡನೆ "ಬನ್ನಿ ಸಾಬ್, ಇವತ್ತು ಯಾವ ಕಾಯಿಲೆ ತಂದಿದ್ದೀರಿ?" ಎನ್ನುತ್ತಿದ್ದರು.

ಕಥೆಗಳೆಲ್ಲ ಒಂದೇ ಲೋಕದಲ್ಲಿ ನಡೆಯುತ್ತಿದ್ದವು. ಅದರ ಹೆಸರು 'ದೂರದ ಹೋಬಳಿ'. ನಮ್ಮ ಸೀಮೆಯ ನೀರು ಪೂರ್ತಿ ಮುಗಿದ ಮೇಲೆ ಇಲ್ಲಿಯ ಜನ ಹಡಗು ಹತ್ತಿ ನಕ್ಷತ್ರಗಳ ನಡುವೆ ಊರು ಕಟ್ಟಿಕೊಂಡಿದ್ದಾರೆ. ಹೊಸ ಹುತ್ತೂರು, ಹೊಸ ವಕ್ಕಲೇರಿ, ಎಲ್ಲಕ್ಕಿಂತ ಆಚೆಗೆ ಕೊನೆಯೂರು. ಹಡಗು ಇಳಿಸಲು ಅಲ್ಲಿಯೂ ನಾಡಕಚೇರಿಯ ಸೀಲು ಬೇಕು, ಅಲ್ಲಿಯೂ ಸರ್ವರ್ ಡೌನ್. ಆದರೆ ಒಂದು ಮಾತಿನಲ್ಲಿ ಭಾಯಿ ತಮಾಷೆ ಮಾಡುತ್ತಿರಲಿಲ್ಲ. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಓಡುವ ಹಾಗಿಲ್ಲ. ಹೊಸ ಹುತ್ತೂರಿನಲ್ಲಿ ಇವತ್ತು ನಡೆದದ್ದು ಕೊನೆಯೂರಿಗೆ ಗೊತ್ತಾಗಲು ಹನ್ನೆರಡು ವರ್ಷ. ಹೀಗಾಗಿ ಆ ಹೋಬಳಿಯ ಜನರೆಲ್ಲ ಸದಾ ಏನಾದರೊಂದು ಸುದ್ದಿಗೆ ಕಾಯುತ್ತಿರುತ್ತಿದ್ದರು, ಥೇಟ್ ನಮ್ಮ ಬೆಂಚಿನ ಹಾಗೆ.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ರಿಪೋರ್ಟು ಕೆಟ್ಟದಿದ್ದರೆ ಅದನ್ನು ಯಾರಿಗೂ ಒಂಟಿಯಾಗಿ ಕೊಡುತ್ತಿರಲಿಲ್ಲ. ಕವರು ಕೈಯಲ್ಲಿ ಹಿಡಿದು ಹೊರಗೆ ಬಂದು, "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳುತ್ತಿದ್ದರು. ಯಾರೂ ಬಂದಿಲ್ಲವೆಂದರೆ ಬೆಂಚಿನಲ್ಲಿದ್ದ ಯಾರನ್ನೋ ತೋರಿಸಿ, "ಇವರು ಬಂದಿದ್ದಾರೆ, ಬಿಡಿ" ಎನ್ನುವರು. ಒಂದು ಬೆಳಿಗ್ಗೆ ಆ ಬೆರಳು ನನ್ನತ್ತ ತಿರುಗಿತು. ಕವರಿನವನು ಮುಳಬಾಗಿಲಿನ ಬಸ್ ಕಂಡಕ್ಟರ್ ಸೀನಪ್ಪ. ನನಗೋ, ಬೇರೆಯವರ ಕಾಯಿಲೆ ಕಂಡರೆ ಅದು ಅಂಟೀತು ಎಂಬ ಭಯ, ಸಕ್ಕರೆ ಕಾಯಿಲೆಯಾದರೂ ಸರಿಯೆ. ಆದರೂ ಪಕ್ಕಕ್ಕೆ ಹೋಗಿ ಕೂತೆ. ಸೀನಪ್ಪ ಕಾಗದ ನೋಡಿ, ನನ್ನ ಮುಖ ನೋಡಿ, "ಸಾರ್, ಕಾಯ್ಲೆ ನನಗಾ ನಿಮಗಾ? ನೀವ್ಯಾಕೆ ಇಂಗೆ ಬೆವರ್ತಾ ಇದ್ದೀರಿ?" ಎಂದ. ಅವತ್ತಿನಿಂದ ನಾವು ಸ್ನೇಹಿತರು.

ಕಥೆಗಳನ್ನು ಓದಿದವರು ಸುಮ್ಮನಿರಲಿಲ್ಲ. ಅದು ಹೀಗಾಗಬಾರದಿತ್ತು, ಆ ಊರಿನಲ್ಲಿ ಬಸ್ಸು ಇಲ್ಲವೆ ಎಂದು ತಗಾದೆ ತೆಗೆದರು. "ಹಂಗಾದ್ರೆ ನೀನೇ ಬರಿ" ಎಂದು ಭಾಯಿ ಒಬ್ಬೊಬ್ಬರಿಗೂ ಒಂದೊಂದು ಊರು ಬಿಟ್ಟುಕೊಟ್ಟರು. ಸೀನಪ್ಪ ನಕ್ಷತ್ರದಿಂದ ನಕ್ಷತ್ರಕ್ಕೆ ಬಸ್ಸು ಓಡಿಸಿದ, ಅದರಲ್ಲೂ ಚಿಲ್ಲರೆ ಜಗಳ ತಂದ. ನಾನು ಹೊಸ ವಕ್ಕಲೇರಿಯಲ್ಲಿ ಒಂದು ವಿಮಾ ಕಚೇರಿ ತೆರೆದೆ. ಇಡೀ ಹೋಬಳಿಯಲ್ಲಿ ಅಷ್ಟು ನೀರಸವಾದ ಜಾಗ ಇನ್ನೊಂದಿಲ್ಲ ಎಂದು ಸರ್ವಾನುಮತದ ತೀರ್ಮಾನವಾಯಿತು. ಮಾವಿನ ಸೀಸನ್ ಮುಗಿದ ಮೇಲೆ ಖಾಲಿ ಬೀಳುವ ಮಂಡಿಯ ಶೆಡ್ಡಿನಲ್ಲಿ, ತಿಂಗಳಿಗೊಂದು ಭಾನುವಾರ, ಕ್ರೇಟುಗಳನ್ನು ಬೋರಲು ಹಾಕಿ ಕೂತು ಓದುತ್ತಿದ್ದೆವು. ಓದು ಮುಗಿದ ಮೇಲೆ ಮುಂದಿನ ವಾರ ಯಾರಿಗೆ ಆಸ್ಪತ್ರೆ, ಜೊತೆಗೆ ಯಾರು ಹೋಗುವುದು ಎಂಬ ಮಾತು. ಅದು ಎಂದು ಶುರುವಾಯಿತೋ ಯಾರಿಗೂ ನೆನಪಿಲ್ಲ.

ಯಲ್ದೂರಿನಿಂದ ಬರುತ್ತಿದ್ದ ಪದ್ಮಾವತಿ ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಗಂಡ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಿದ್ದವನು, ಪೈಪು ಜಾರಿ ಮೈಮೇಲೆ ಬಿದ್ದು ತೀರಿಹೋಗಿದ್ದ. ಆಮೇಲೆ ತಲೆಸುತ್ತು ಎಂದು ಲ್ಯಾಬಿಗೆ ಬಂದವಳು ಬೆಂಚಿನಿಂದ ಹೋಬಳಿಗೆ ಹತ್ತಿಕೊಂಡಿದ್ದಳು. ಅವಳ ಕಥೆಗಳಲ್ಲಿ ಪಂಪು ರಿಪೇರಿಯ ಚಲಪತಿ ಎಂಬವನಿದ್ದ. ಕಿವಿಯ ಸಂದಿಯಲ್ಲಿ ಬೀಡಿ, ಜೇಬಿನಲ್ಲಿ ಕಡಲೆಕಾಯಿ, ಕೆಟ್ಟ ಪಂಪನ್ನು ಬೈದೇ ಸರಿಮಾಡುವವನು. ನಮಗೆಲ್ಲ ಅವನೆಂದರೆ ಪ್ರಾಣ.

ಒಂದು ಭಾನುವಾರ ಗೌಸ್ ಭಾಯಿ ತಮ್ಮ ದೊಡ್ಡ ಕಥೆ ಓದಿದರು. ಹೊಸ ಹುತ್ತೂರಿನಲ್ಲಿ ಕೊರೆದ ಬಾವಿಯಿಂದ ಕೊನೆಗೂ ನೀರು ಚಿಮ್ಮುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಇಳಿದ ಚಲಪತಿ ಮತ್ತೆ ಮೇಲೆ ಬರುವುದಿಲ್ಲ. ಸೀನಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, "ಯೋ ಭಾಯ್, ಏನ್ ಬರ್ದಿದ್ದೀಯಯ್ಯಾ" ಎಂದ. ನಾನು ಚಪ್ಪಾಳೆ ತಟ್ಟಿದೆ.

ಪದ್ಮಾವತಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

"ಚೆನ್ನಾಗೈತೆ ಅಣ್ಣಾ. ಎರಡ್ನೇ ಸಲಾನೂ ನನಗೆ ಹೇಳ್ದೇನೇ ಹೋದ."

ಅವಳು ಗೇಟು ದಾಟಿ ಹೋದ ಮೇಲೆ ಚಲಪತಿ ಯಾರೆಂದು ನಮಗೆ ಅರ್ಥವಾಯಿತು. ಭಾಯಿ ಕೈಯಲ್ಲಿದ್ದ ಹಾಳೆಗಳನ್ನು ಮಡಚುತ್ತಲೇ ಇದ್ದರು, ಇನ್ನು ಮಡಚಲು ಬಾರದಷ್ಟು ಚಿಕ್ಕದಾಗುವವರೆಗೆ.

ಮುಂದಿನ ತಿಂಗಳು ಅವಳು ಬರಲಿಲ್ಲ. ಭಾಯಿ ನನ್ನ ಸ್ಕೂಟರಿನ ಹಿಂದೆ ಕೂತು ಯಲ್ದೂರಿಗೆ ಹೊರಟರು. ದಾರಿಯುದ್ದಕ್ಕೂ ಮಾವಿನ ತೋಪು. ಟೈರು ಪಂಕ್ಚರಾದರೆ, ನಾಯಿ ಅಡ್ಡ ಬಂದರೆ, ಪದ್ಮಾವತಿ ಬಾಗಿಲು ತೆಗೆಯದಿದ್ದರೆ ಎಂದು ನಾನು ಯೋಚಿಸುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ಕೊಟ್ಟಿಗೆಯಲ್ಲಿ ಹಸುವಿಗೆ ಮೇವು ಹಾಕುತ್ತಿದ್ದಳು. ಕೂರಿ ಎನ್ನಲಿಲ್ಲ.

"ಆಯನ್ನಿ ಲೇಪು ಅಣ್ಣಾ" ಎಂದಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗೇ ಬರುವುದು. ಮತ್ತೆ ಕನ್ನಡದಲ್ಲಿ ಹೇಳಿದಳು, "ಅವನನ್ನ ಎಬ್ಬಿಸು. ಬರ್ದು ಸಾಯಿಸಿದೋನು ನೀನೇ ತಾನೆ? ಬರ್ದು ಎಬ್ಬಿಸು."

"ಆಗಲ್ಲಮ್ಮ."

"ಯಾಕಾಗಲ್ಲ? ಯಾವ ಡಾಕ್ಟ್ರನ್ನ ಕೇಳ್ಬೇಕು ನೀನು?"

ಎಬ್ಬಿಸಿದರೆ ಇವರ ಗಂಟೇನು ಹೋಗುತ್ತದೆ ಎಂದು ನನಗೂ ಅನಿಸಿತು. ಭಾಯಿ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದರು. "ನನ್ನ ಬೆಂಚಿನ ಮೇಲೆ ಕೂತು ಓದೋರೆಲ್ಲ ಯಾರನ್ನೋ ಕಳ್ಕೊಂಡೋರು, ಇಲ್ಲ ಕಳ್ಕೊಳ್ಳೋರು ಪದ್ಮಾ. ನಿನ್ನ ಚಲಪತಿನ್ನ ಎಬ್ಬಿಸಿದ್ರೆ ಅವರೆಲ್ಲ ನನ್ನ ಮುಖ ನೋಡ್ತಾರೆ. ಅವರಿಗೆ ಏನ್ ಹೇಳ್ಲಿ?"

ಪದ್ಮಾವತಿ ಹಸುವಿನ ಮುಂದೆ ಇನ್ನೊಂದಿಷ್ಟು ಮೇವು ಸುರಿದಳು. ಭಾಯಿಯೇ ಮತ್ತೆ ಹೇಳಿದರು, "ಕೊನೆಯೂರು ಯಾರಿಗೂ ಕೊಟ್ಟಿಲ್ಲ. ನೀನು ತಗೋ. ಚಲಪತಿ ಹೆಂಡ್ತಿ ಅಲ್ಲಿದ್ದಾಳೆ. ಅವನು ಹೋದ ಸುದ್ದಿ ಅಲ್ಲಿಗೆ ಇನ್ನೂ ಬಂದಿಲ್ಲ. ಮುಂಚೆ ಕಳಿಸಿದ ಕಾಗದಗಳು ಬರ್ತಾನೇ ಇರ್ತವೆ. ಆ ಹನ್ನೆರಡು ವರ್ಷ ಎಷ್ಟು ಬೇಗ ಓಡಿಸ್ತೀಯೋ, ಎಷ್ಟು ನಿಧಾನ ಓಡಿಸ್ತೀಯೋ, ನಿನ್ನ ಕೈಲಿ."

ಮುಂದಿನ ಓದಿನ ಭಾನುವಾರ ಅವಳು ಚಲಪತಿಯ ಒಂದು ಕಾಗದದೊಂದಿಗೆ ಬಂದಳು. ಹೊಸ ಹುತ್ತೂರಿನಲ್ಲಿ ಸೊಪ್ಪಿಲ್ಲ, ಸಾರಿಗೆ ರುಚಿಯಿಲ್ಲ, ನಿನ್ನ ಬೈಗುಳ ಇಲ್ಲದೆ ನಿದ್ದೆ ಬರುತ್ತಿಲ್ಲ ಎಂಬಂಥ ಕಾಗದ. ಆಮೇಲೆ ಪ್ರತಿ ತಿಂಗಳೂ ಒಂದೊಂದು, ವರ್ಷಗಟ್ಟಲೆ. ಅದೇ ಭಾನುವಾರ ಹೋಬಳಿಗೆ ಹೊಸ ಕಾನೂನು ಬಂತು: ಇನ್ನೊಬ್ಬರ ಕಥೆಯ ಮನುಷ್ಯನನ್ನು ಅವರನ್ನು ಕೇಳದೆ ಯಾರೂ ಕೊಲ್ಲಬಾರದು. ಕೇಳಬೇಕಾದರೆ ಎದುರು ಕೂತು, ಟೀ ಕುಡಿಸಿ ಕೇಳಬೇಕು. ಸೀನಪ್ಪ ನನ್ನ ವಿಮಾ ಕಚೇರಿಯ ಸಿಬ್ಬಂದಿಯನ್ನು ಪೂರ್ತಿ ಕೊಲ್ಲಲು ಅನುಮತಿ ಬೇಡಿ ನನಗೆ ಬಹಳ ಟೀ ಕುಡಿಸಿದ್ದಾನೆ.

ಭಾಯಿಯ ಕಾಲು ಊದಿಕೊಂಡದ್ದನ್ನು ಮೊದಲು ನೋಡಿದ್ದು ಪದ್ಮಾವತಿ. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಹೋಗಿತ್ತು. ಕೇಳಿದರೆ ನಕ್ಕರು. ಎರಡೂ ಕಿಡ್ನಿ ಹೋಗಿವೆಯೆಂದು ಅವರಿಗೆ ಆಗಲೇ ಗೊತ್ತಿತ್ತು. ತಮ್ಮ ರಕ್ತವನ್ನು ತಾವೇ ತೆಗೆದು ತಾವೇ ನೋಡಿದ್ದರು.

"ಎಲ್ಲರಿಗೂ ಕಾಯೋಕೆ ಒಂದ್ ಗಂಟೆಯಾದ್ರೂ ಸಿಗ್ತದೆ ಸಾಬ್. ನನಗೆ ಅದೂ ಇಲ್ಲ. ಮಿಷನ್ ಮುಂದೆ ನಾನೇ ಕೂತಿದ್ದೆನಲ್ಲ."

"ಜೊತೆಗೆ ಯಾರಿದ್ರು ಭಾಯ್?" ಎಂದೆ.

ಭಾಯಿ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸತೊಡಗಿದರು.

ಅಲ್ಲಿಂದ ಕೋಲಾರದ ಡಯಾಲಿಸಿಸ್ ಓಡಾಟ. ಸರದಿಯ ಮೇಲೆ ಒಬ್ಬೊಬ್ಬರು ಜೊತೆಗೆ ಹೋದೆವು. ಸೀನಪ್ಪ ರಜೆ ಹಾಕಿ ಬರುತ್ತಿದ್ದ, ಪದ್ಮಾವತಿ ಉಪ್ಪಿಲ್ಲದ ಅಡುಗೆ ತರುತ್ತಿದ್ದಳು. ನಾನು ಹೋಗಿ ಆ ಯಂತ್ರದ ಕೆಂಪು ಕೊಳವೆಗಳನ್ನು ನೋಡಲಾರದೆ ಗೋಡೆ ನೋಡುತ್ತ ಕೂರುತ್ತಿದ್ದೆ. ಒಮ್ಮೆ ತಲೆ ತಿರುಗಿ ನಾನೇ ಬಿದ್ದು, ನರ್ಸಮ್ಮ ನನಗೊಂದು ಮಂಚ ಹುಡುಕಬೇಕಾಯಿತು. "ಸಾಬ್ ನನಗೆ ಧೈರ್ಯ ಹೇಳೋಕೆ ಬಂದಿದ್ದಾರೆ" ಎಂದು ಭಾಯಿ ವಾರ್ಡಿಗೆಲ್ಲ ಪರಿಚಯ ಮಾಡಿಕೊಟ್ಟರು. ಕೊನೆಕೊನೆಗೆ ನಗು ಕಡಿಮೆಯಾಯಿತು. ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತು. ಪಕ್ಕದ ಮಂಚದವರು ಒಬ್ಬೊಬ್ಬರೇ ಬರುವುದು ನಿಂತಾಗ ಯಾಕೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ವಾರ್ಡಿನಲ್ಲೇ. ಕಣ್ಣು ಮುಚ್ಚಿದ್ದರು. ನಿದ್ದೆಯೆಂದುಕೊಂಡೆ.

"ಪದ್ಮಾಗೆ ನಾನು ಒಳ್ಳೇದು ಮಾಡ್ದೆನಾ ಸಾಬ್?"

"ಯಾಕೆ ಭಾಯ್? ಎಷ್ಟು ಚೆನ್ನಾಗಿ ಬರೀತಾ ಇದ್ದಾಳೆ."

"ಬರೀತಾಳೆ. ಆದ್ರೆ ಸುದ್ದಿ ದಾರೀಲೈತೆ ಅಂತ ಅವಳಿಗೆ ಗೊತ್ತು. ಇಷ್ಟು ವರ್ಷದಿಂದ ಬೆಂಚಿನ ಮೇಲೆ ಕೂತಿದ್ದಾಳೆ. ಕೂರಿಸಿದೋನು ನಾನು. ಎದ್ದೇಳು ಅನ್ನೋಕೂ ನನಗೆ ಬಾಯಿಲ್ಲ, ಊರು ಅವಳದು." ಉಸಿರು ಎಳೆದುಕೊಂಡರು. "ಸುದ್ದಿ ಮುಟ್ಟೋ ದಿನ ಅವಳನ್ನ ಒಂಟಿ ಬಿಡಬೇಡಿ. ನಾನಂತೂ ಇರಲ್ಲ."

"ಅಂಥಾ ಮಾತು ಬೇಡ ಭಾಯ್" ಎಂದೆ.

"ನಕ್ಕೋ ಸಾಬ್, ಸುಳ್ಳು ಬೇಡ. ನನ್ನ ರಿಪೋರ್ಟ್ ನಾನು ಓದ್ಕೊಂಡಿದ್ದೀನಿ" ಎಂದು ಮತ್ತೆ ಕಣ್ಣು ಮುಚ್ಚಿದರು.

ಫೋನು ಹೊಡೆದುಕೊಂಡಾಗಲೆಲ್ಲ ಎದೆ ಹಿಡಿದುಕೊಳ್ಳುವ ನಾನು, ಆ ಬೆಳಿಗ್ಗೆ ಯಾವ ಕಾಯಿಲೆಯ ಯೋಚನೆಯೂ ಇಲ್ಲದೆ ನೆಮ್ಮದಿಯಾಗಿ ಇಡ್ಲಿ ತಿನ್ನುತ್ತಿದ್ದೆ. ಸೀನಪ್ಪ ಫೋನು ಮಾಡಿ, "ಸಾರ್, ಮನೇಲಿ ಯಾರಿದ್ದಾರೆ ಜೊತೆಗೆ?" ಎಂದ. ಅಷ್ಟು ಸಾಕಾಯಿತು.

ಭಾಯಿಯಿಲ್ಲದ ಮೊದಲ ಭಾನುವಾರ ಮಂಡಿಗೆ ಎಲ್ಲರೂ ಬಂದೆವು. ಅವರು ಕೂರುತ್ತಿದ್ದ ಕ್ರೇಟನ್ನು ಯಾರೂ ಬೋರಲು ಹಾಕಲಿಲ್ಲ. ಅದು ಬಾಯಿ ತೆರೆದುಕೊಂಡೇ ಇತ್ತು. ಸೀನಪ್ಪ, "ಭಾಯ್‌ನ ನಮ್ಮ ಹೋಬಳೀಲಿ ಎಲ್ಲಾದ್ರೂ ಇಡಾನ ಸಾರ್. ಕೊನೆಯೂರಲ್ಲಿ ಒಂದು ಲ್ಯಾಬು ಹಾಕ್ಕೊಡಾನ" ಎಂದ. ಹಲವರು ತಲೆಯಾಡಿಸಿದರು. ನಾನೂ ಆಡಿಸಿದೆ.

"ಬೇಡ" ಎಂದಳು ಪದ್ಮಾವತಿ. "ಕಾಯೋದು ಏನು ಅಂತ ನನಗೆ ಗೊತ್ತೈತೆ. ಇನ್ನೊಬ್ರ ಸುದ್ದಿಗೆ ಕಾಯೋದು ಬೇಡ."

ಚೀಲದಿಂದ ಹಾಳೆ ತೆಗೆದಳು. ಓದತೊಡಗಿದಳು. ಕೊನೆಯೂರಿಗೆ ಬೆಳಗಾಗಿದೆ. ಈ ತಿಂಗಳು ಚಲಪತಿಯ ಕಾಗದ ಬಂದಿಲ್ಲ. ಸುದ್ದಿ ಹಿಡಿಯುವ ಕಚೇರಿಯಿಂದ ಒಬ್ಬ ಮನುಷ್ಯ ಕೈಯಲ್ಲಿ ಕವರು ಹಿಡಿದು ಹೊರಗೆ ಬರುತ್ತಾನೆ. ಬಾಗಿಲ ಬಳಿ ಬಂದು ನಿಲ್ಲುತ್ತಾನೆ. ಹೊರಗೆ ಕಾಯುತ್ತಿರುವ ಚಲಪತಿಯ ಹೆಂಡತಿಗೆ ಕವರು ಕೊಡುವುದಿಲ್ಲ. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳುತ್ತಾನೆ.

ಅಲ್ಲಿಗೆ ಅವಳ ದನಿ ನಿಂತಿತು. ಹಾಳೆ ಇನ್ನೂ ಉಳಿದಿತ್ತು.

ಬಿದ್ದುಬಿಡುತ್ತೇನೇನೋ ಎಂದು ಹೆದರುತ್ತಲೇ ನಾನು ಎದ್ದೆ. ನನ್ನ ಕ್ರೇಟನ್ನು ಎಳೆದುಕೊಂಡು ಹೋಗಿ ಅವಳ ಪಕ್ಕ ಕೂತೆ. ಸೀನಪ್ಪ ಇನ್ನೊಂದು ಪಕ್ಕ ಬಂದ. ಹಿಂದೆ ಒಂದೊಂದೇ ಕ್ರೇಟು ಸಿಮೆಂಟು ನೆಲದ ಮೇಲೆ ಕರಕರ ಎಂದು ಹತ್ತಿರ ಸರಿಯುತ್ತಿತ್ತು. ಆ ಸದ್ದು ಪೂರ್ತಿ ನಿಲ್ಲುವವರೆಗೆ ಅವಳು ತಲೆ ತಗ್ಗಿಸಿ ಕಾದಳು. ಆಮೇಲೆ ಹಾಳೆ ತಿರುಗಿಸಿದಳು.