ಏಳೆಂಟ್ಲ ಐವತ್ನಾಲ್ಕು

ಲೆಕ್ಕದ ಮೇಡಂದು ಒಂದು ವಿಚಿತ್ರ ಪದ್ಧತಿ. ದಿನಾ ಬೋರ್ಡ್ ಮೇಲೆ ಬೇಕಂತಲೇ ಒಂದು ತಪ್ಪು ಮಾಡೋರು. ಅದನ್ನ ಹಿಡಿದವ್ರು ಉಳಿದ ಪಿರಿಯಡ್ ಪೂರ್ತಿ ಮೇಡಂ ಕುರ್ಚೀಲಿ ಕೂರಬಹುದು, ಕಾಲ್ಮೇಲೆ ಕಾಲು ಹಾಕ್ಕೊಂಡು! ಮೇಡಂ ಪಾಪ ನಿಂತೇ ಪಾಠ ಮಾಡೋರು.

ಒಂಬತ್ತನೇ ಕ್ಲಾಸಲ್ಲಿ ಪಟಾಕಿ ಅಂತ ಒಬ್ಳಿದ್ಲು. ಬೇರೆ ಮೇಷ್ಟ್ರುಗಳ ಪಿರಿಯಡ್ಡಲ್ಲಿ ಅವಳ ವಿಳಾಸ ಬಾಗ್ಲಾಚೆನೇ. ಲೆಕ್ಕದಲ್ಲಿ ಮಾತ್ರ ಕಣ್ಣು ಮಿಟುಕಿಸ್ದೆ ಕೂರೋಳು, ಇಲಿಗೆ ಕಾಯೋ ಬೆಕ್ಕಿನ್ ಥರ. "ಅದೇನ್ ಮಂತ್ರ ಹಾಕಿದೀರಮ್ಮ ಅವಳಿಗೆ?" ಅಂತ ಹೆಡ್ ಮೇಷ್ಟ್ರು ಕೇಳಿದ್ರೆ ಮೇಡಂ ನಗೋರು.

ಆದ್ರೆ ಮೇಡಂ ಕೆಲ್ಸ ಇನ್ನೂ ಖಾಯಂ ಆಗಿರ್ಲಿಲ್ಲ. ಆವತ್ತು ಶಿಕ್ಷಣ ಇಲಾಖೆ ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬಂದು ಪಾಠ ನೋಡೋರಿದ್ರು. ಅವರು ಹೂಂ ಅಂದ್ರೆ ಉಂಟು, ಊಹೂಂ ಅಂದ್ರೆ ಗಂಟುಮೂಟೆ. ಇವತ್ತೊಂದಿನ ಆಟ ಬೇಡಪ್ಪಾ ಅಂತ ಮೇಡಂ ನಿರ್ಧಾರ ಮಾಡ್ಕೊಂಡೇ ಒಳಗೆ ಬಂದ್ರು.

ಸಾಹೇಬ್ರು ಸೀದಾ ಮೇಡಂ ಕುರ್ಚಿ ಎಳ್ಕೊಂಡು ಕೂತ್ರು. ಮೇಡಂ ಬರೆದ್ರು, ಅಳಿಸಿದ್ರು, ಬರೆದ್ರು. ಲೆಕ್ಕ ಮುಗಿಸಿ ತಿರುಗಿ ನೋಡ್ತಾರೆ, ಕ್ಲಾಸು ಗಪ್‌ಚುಪ್! ಎಲ್ಲಾ ತುಟಿ ಕಚ್ಕೊಂಡು ಕೂತಿದಾವೆ. ಪಟಾಕಿ ಅಂತೂ ಎರಡೂ ಕೈನ ತೊಡೆ ಕೆಳಗೆ ಹಾಕ್ಕೊಂಡು ಅದರ ಮೇಲೇ ಕೂತಿದಾಳೆ.

ಮೇಡಂಗೆ ಅನುಮಾನ ಬಂತು. ಈ ಕೋತಿಗಳು ಇಷ್ಟು ಒಳ್ಳೇವಾಗಿರೋಕೆ ಸಾಧ್ಯನೇ ಇಲ್ಲ! ಎಲ್ಲೋ ತಪ್ಪಾಗಿದೆ, ನನ್ನ ಕಾಪಾಡೋಕೆ ಬಾಯಿಗೆ ಬೀಗ ಹಾಕ್ಕೊಂಡಿದಾವೆ. ಓರೆಗಣ್ಣಲ್ಲಿ ನೋಡಿದ್ರೆ ಸಾಹೇಬ್ರ ಹುಬ್ಬು ಆಗ್ಲೇ ಮೇಲಕ್ಕೆ ಹೋಗಿತ್ತು. ಅಂದ್ರೆ ಅವರೂ ನೋಡಿದಾರೆ. ಟೀಚರ್ರಿಗೂ ಬರಲ್ಲ, ಮಕ್ಳಿಗೂ ಬರಲ್ಲ ಅನ್ಕೋತಿದಾರೆ!

ಆಗಿದ್ದಾಗ್ಲಿ ಅಂತ ಮೇಡಂ, "ಯಾಕ್ರೋ, ಇವತ್ತು ಯಾರಿಗೂ ಕುರ್ಚಿ ಬೇಡ್ವಾ?" ಅಂದ್ರು.

ಅಷ್ಟೇ! ಪಟಾಕಿ ಸಿಡಿದೇ ಬಿಟ್ಲು. "ಏಳೆಂಟ್ಲ ಐವತ್ತಾರು ಮೇಡಂ! ನೀವು ಐವತ್ನಾಲ್ಕು ಹಾಕಿದೀರ!" ಅಂತ ಕೂಗ್ತಾ ಮುಂದೆ ಓಡಿ ಬಂದು ಸಾಹೇಬ್ರ ಮುಂದೆ ನಿಂತ್ಲು. "ಏಳಿ ಸಾರ್, ಕುರ್ಚಿ ನಂದು."

"ನಾನು ನಿನಗಿಂತ ಮೊದ್ಲೇ ನೋಡ್ದೆ ಕಣಮ್ಮ," ಅಂದ್ರು ಸಾಹೇಬ್ರು.

"ನೋಡಿದ್ರೆ ಸಾಲ್ದು ಸಾರ್, ಎದ್ದು ಹೇಳ್ಬೇಕು. ನೀವು ಹೇಳ್ಲಿಲ್ವಲ್ಲ?"

ಹೆಡ್ ಮೇಷ್ಟ್ರು ಬಾಗ್ಲಲ್ಲಿ ನಿಂತೋರು ಕಣ್ಣು ಮುಚ್ಕೊಂಡ್ಬಿಟ್ರು. ಸಾಹೇಬ್ರು ಎದ್ರು! ಗಂಟೆ ಹೊಡಿಯೋ ತನಕ ಗೋಡೆಗೊರಗಿ ನಿಂತಿದ್ರು.

ಆಮೇಲೆ ಹೊರಗೆ ಕರೆದು ಮೆಲ್ಲಗೆ ಕೇಳಿದ್ರು, "ಆ ತಪ್ಪು ಬೇಕಂತ ಮಾಡಿದ್ದಾ ಮೇಡಂ?"

ಹೌದು ಅಂದ್ಬಿಟ್ರೆ ಮುಗೀತಿತ್ತು. ಮಾತು ನಾಲಿಗೆ ತುದಿವರೆಗೂ ಬಂತು. ಆದ್ರೆ ಕಿಟಕಿ ಸರಳಿಗೆ ಮೂಗು ಒತ್ಕೊಂಡು ಪಟಾಕಿ ಗ್ಯಾಂಗು ಕಿವಿ ಕೊಟ್ಟಿತ್ತಲ್ಲ! ಅವರ ಎದುರಿಗೆ ಹೇಗೆ ಸುಳ್ಳು ಹೇಳೋದು?

"ಇಲ್ಲ ಸಾರ್. ಇದು ನಿಜವಾದ ತಪ್ಪೇ. ಭಯಕ್ಕೆ ಆಯ್ತು."

ಸಾಹೇಬ್ರು ಹೊಟ್ಟೆ ಹಿಡ್ಕೊಂಡು ನಕ್ರು. "ಬೇರೆ ಕಡೆ ಹೋದ್ರೆ ಮಕ್ಳು ನನ್ನ ಮುಖ ನೋಡ್ತಾ ಕೂರ್ತಾವೆ. ಇಲ್ಲಿ ನೀವು ಬರೀತಿದ್ದಷ್ಟು ಹೊತ್ತು ಒಂದಾದ್ರೂ ನನ್ನ ಕಡೆ ತಿರುಗಿ ನೋಡ್ಲಿಲ್ಲ ನೋಡಿ, ಎಲ್ಲಾ ಬೋರ್ಡೇ! ಹೋಗಿ, ನಿಮ್ಮ ಕೆಲ್ಸ ಎಲ್ಲೂ ಹೋಗಲ್ಲ."

ಕಿಟಕಿ ಹಿಂದೆ ಹೋ ಅಂತ ಗದ್ದಲ. ಮೇಡಂ ಕಣ್ಣೊರೆಸ್ಕೊಂಡು ಒಳಗೆ ಬಂದು ಗದರಿದ್ರು. "ಕದ್ದು ಕೇಳ್ತೀರಾ, ಕತ್ತೆಗಳಾ?"

"ಕೇಳಿದ್ವಿ ಮೇಡಂ," ಅಂದ್ಲು ಪಟಾಕಿ. "ಇವತ್ತು ಬೇಕಂತ ಮಾಡೋ ತಪ್ಪು ಮಾಡೇ ಇಲ್ವಲ್ಲ ನೀವು? ಅದು ಬಾಕಿ ಇದೆ. ನಾಳೆ ಎರಡು ಮಾಡ್ಬೇಕು!"