ನಾನಿಟ್ಟ ಹೆಸರು

ಮಾತಾಡುವಾಗ ಮೇಷ್ಟ್ರ ದವಡೆ ಎಡಕ್ಕೆ ವಾಲುತ್ತಿತ್ತು. ಆ ದವಡೆ ಮುರಿದದ್ದು ನನ್ನಿಂದ.

ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ ಅವರು ಮಧುಗಿರಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದರು. ಕಡಲೆಕಾಯಿ ಸುಲಿಯುವ ಯಂತ್ರಗಳನ್ನು ನಡೆಸುವ ಬೋರ್ಡು ಅಲ್ಲಿ ತಯಾರಾಗುತ್ತಿತ್ತು. ಅದರೊಳಗಿನ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುವ ಕೆಲಸ ನನ್ನದು. ಕೋಡ್ ತಪ್ಪಿದರೆ ಮೇಷ್ಟ್ರು ತಿದ್ದುತ್ತಿದ್ದರು, ಕೋಡಿನೊಳಗೆ ಇಟ್ಟ ಹೆಸರು ಅರ್ಥವಾಗದಿದ್ದರೆ ಮೈಮೇಲೆ ಎರಗುತ್ತಿದ್ದರು. ಪ್ರಿಂಟ್ ಹರಿದು ಮುಖಕ್ಕೆಸೆಯುತ್ತಿದ್ದರು. ಒಮ್ಮೆ ಕೀಬೋರ್ಡ್ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದು ಚೂರಾಯಿತು. ಸಿಟ್ಟು ನೆತ್ತಿಗೇರಿದರೆ ಈ ಪಾವಗಡದ ಮನುಷ್ಯನ ಬೈಗುಳ ತೆಲುಗಿಗೆ ತಿರುಗುತ್ತಿತ್ತು.

ಅವರದೊಂದು ಪದ್ಧತಿ. ಕೋಡಿನೊಳಗಿನ ಪ್ರತಿ ಪಟ್ಟಿಯ ಹೆಸರನ್ನೂ ನಮ್ಮ ಬೋರ್ಡು ಹಾಕಿದ್ದ ಶಿರಾದ ಮಿಲ್ಲಿನ ಫಿಟ್ಟರ್‌ಗೆ ಓದಿ ಹೇಳಬೇಕು. ಅದೇನೆಂದು ಅವನು ಹೇಳಿದರೆ ಪಾಸು.

"ಯಂತ್ರದೊಳಕ್ಕೆ ಕೈ ಹಾಕೋನು ಅವ್ನು ಕಣ್ಲಾ, ನೀನಲ್ಲ. ರಿಪೇರಿಗೆ ನಿಲ್ಸಿರೋ ಯಂತ್ರಗಳ ಪಟ್ಟಿಗೆ 'ಕೈ ಒಳಗಿದೆ' ಅಂತ್ಲೇ ಹೆಸ್ರಿಡು," ಎಂದಿದ್ದರು.

ನನಗೆ ಅವಮಾನವಾಯಿತು. ಡಿಪ್ಲೊಮಾ ಮಾಡಿದವನು ಸ್ಪ್ಯಾನರ್ ಹಿಡಿದವನ ಮುಂದೆ ಪರೀಕ್ಷೆಗೆ ನಿಲ್ಲುವುದೇ? ಓಡಿಸಬೇಕಾದ ಯಂತ್ರಗಳ ಪಟ್ಟಿಗೆ ಎಲ್-ಒನ್, ರಿಪೇರಿಯವುಗಳ ಪಟ್ಟಿಗೆ ಎಲ್-ಟೂ ಎಂದಿಟ್ಟೆ. ಫಿಟ್ಟರ್ ಒಪ್ಪಿದನೆಂದು ಸುಳ್ಳು ಹೇಳಿದೆ. ತಿಂಗಳ ಮೇಲೆ, ಕರೆಂಟ್ ಹೋಗಿ ಬಂದಾಗ ಯಾವ ಪಟ್ಟಿ ಓಡಬೇಕೆಂಬ ಭಾಗ ಬರೆಯುವಷ್ಟರಲ್ಲಿ ಯಾವುದು ಯಾವುದೆಂದು ನನಗೇ ಮರೆತಿತ್ತು. ಎಲ್-ಟೂ ಎಂದು ಬರೆದುಬಿಟ್ಟೆ.

ಬೋರ್ಡು ನೋಡಲು ಮೇಷ್ಟ್ರೂ ನಾನೂ ಶಿರಾಕ್ಕೆ ಹೋಗಿದ್ದ ದಿನ, ಮಿಲ್ಲಿಗೆ ಕರೆಂಟ್ ಹೋಗಿ ಬಂದಾಗ ಫಿಟ್ಟರ್‌ನ ಕೈ ಯಂತ್ರದೊಳಗಿತ್ತು. ರಿಪೇರಿಗೆ ನಿಂತಿದ್ದ ಯಂತ್ರ ಗಕ್ಕನೆ ಓಡಿ ಅವನನ್ನು ಎಳೆದುಕೊಂಡಿತು. ಅವನು ಅರಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪಕ್ಕದಲ್ಲಿದ್ದ ಮೇಷ್ಟ್ರು ಕಬ್ಬಿಣದ ಸರಳನ್ನು ಚಕ್ರಕ್ಕೆ ತುರುಕಿದರು. ಬೆಲ್ಟ್ ಹರಿದು ಚಕ್ರ ನಿಂತಿತು. ಚಿಮ್ಮಿದ ಸರಳು ಅವರ ದವಡೆಗೆ ಬಡಿಯಿತು. ಕಡಲೆಸಿಪ್ಪೆಯ ರಾಶಿಯ ತುಂಬ ಇಬ್ಬರ ರಕ್ತ. ಫಿಟ್ಟರ್‌ನ ಎರಡು ಬೆರಳು ಹೋದವು, ತೋಳು ಉಳಿಯಿತು.

ಆಸ್ಪತ್ರೆಯಲ್ಲಿ ಅವನ ಅಣ್ಣಂದಿರು, "ಯಾವನ್ಲಾ ಬರ್ದಿದ್ದು?" ಎಂದು ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದರು. ಬಾಯಿ ಬಿಡಲಾಗದ ಮೇಷ್ಟ್ರು ಔಷಧಿ ಚೀಟಿಯ ಹಿಂದೆ, "ಬರೆದವನು ನಾನು," ಎಂದು ಗೀಚಿ ತೋರಿಸಿದರು. ಬಾಯಿದ್ದ ನಾನು ಸುಮ್ಮನಿದ್ದೆ. ಹೇಡಿ ನಾನು.

ಎಲ್-ಟೂ ಪಟ್ಟಿಯ ಹೆಸರು 'ಕೈ ಒಳಗಿದೆ' ಎಂದಾಯಿತು. ಮೇಷ್ಟ್ರು ಮತ್ತೆಂದೂ ನನಗೆ ಬೈಯಲಿಲ್ಲ. ಹೊಸ ಹೆಸರುಗಳ ಹಾಳೆ ಹಿಡಿದು ತಾವೇ ಬಸ್ಸು ಹತ್ತಿ ಶಿರಾಕ್ಕೆ ಹೋಗುತ್ತಿದ್ದರು. ಫಿಟ್ಟರ್ ಅವರನ್ನು ಕಂಡರೆ ನೆಲಕ್ಕೆ ಉಗಿದು ಎದ್ದು ಹೋಗುತ್ತಿದ್ದ. ಅವರು ಉಳಿದ ಕೆಲಸಗಾರರಿಗೆ ಓದಿ ಹೇಳಿ ಬರುತ್ತಿದ್ದರು.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಫಿಟ್ಟರೂ ಬಂದಿದ್ದ.

"ತಪ್ಪು ಮಾಡಿದ್ರು. ಆದ್ರೂ ಮಾಫ್ ಮಾಡ್ಬುಟ್ಟೆ," ಎಂದ.

"ಬರ್ದಿದ್ದು ಅವ್ರಲ್ಲಣ್ಣ, ನಾನು," ಎಂದೆ.

ಅವನು ಗುಣಿಯನ್ನೇ ನೋಡುತ್ತಾ ನಿಂತ. "ಅಂಗಾದ್ರೆ ಇಷ್ಟ್ ವರ್ಷ ನಾನು ಯಾರ್ ಮುಂದೆ ಉಗ್ದೆ ಲೇ?" ಎನ್ನುತ್ತಾ ನನ್ನ ಎದೆಗೆ ಗುದ್ದಿದ. ಅಳುತ್ತಾ ಮತ್ತೆ ಮತ್ತೆ ಗುದ್ದಿದ. ಜನ ಬಿಡಿಸಲು ಬಂದರು.

"ಬುಡ್ರಿ, ಹೊಡೀಲಿ," ಎಂದೆ.